ಪರದೇಶಿ ಗುರುಗಳ ಮನೆವಾರ್ತೆ

ಪರದೇಶಿ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ನಿಘಂಟಿನ ಅರ್ಥ. ಹಿಂದುಮುಂದಿಲ್ಲದವನು, ಹಸಿದರೆ ಕೇಳುವವರಿಲ್ಲದವನು ಎಂಬುದು ಹಳ್ಳಿಯ ಅರ್ಥ. ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ಪಾಠ ಹೇಳಿದ ಐರೋಪ್ಯ ಉಪಾಧ್ಯಾಯರನ್ನು ಜನ ದೊರೆ ಎಂದರು, ಪಾದ್ರಿ ಎಂದರು. ಪರದೇಶಿ ಎಂದವರು ವಿರಳ. ಆದರೆ ತಿಂಗಳ ಕೊನೆಯಲ್ಲಿ ಬಂಗಲೆಯ ಮೇಜಿನ ಮೇಲೆ ಲೆಕ್ಕದ ಪುಸ್ತಕ ತೆರೆದುಕೊಂಡಾಗ ಅವರಲ್ಲಿ ಹಲವರಿಗೆ ಈ ಎರಡನೆಯ ಅರ್ಥವೂ ಚೆನ್ನಾಗಿಯೇ ಒಪ್ಪುತ್ತಿತ್ತು. ಅವರ ವಿದ್ವತ್ತನ್ನು ಕುರಿತು, ಅವರು ಕಟ್ಟಿದ ಸಂಸ್ಥೆಗಳನ್ನು ಕುರಿತು ಬರೆದವರು ಬಹಳ ಮಂದಿ. ಅವರ ಒಲೆಯ ಮೇಲೆ ಏನಿತ್ತು, ಅದಕ್ಕೆ ಹಣ ಎಲ್ಲಿಂದ ಬಂತು, ಆ ಹಣಕ್ಕಾಗಿ ಅವರು ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ಕೇಳಿದವರು ಕಡಿಮೆ.

1809ರಲ್ಲಿ ಹಲಸೂರಿನ ಬಳಿ ಬ್ರಿಟಿಷ್ ಸೈನ್ಯ ನೆಲೆಯೂರಿದ ಮೇಲೆ ಅದರ ಸುತ್ತ ಒಂದು ಪ್ರತ್ಯೇಕ ಊರೇ ಬೆಳೆಯಿತು. 1881ರಲ್ಲಿ ಮೈಸೂರು ಸಂಸ್ಥಾನ ಮರಳಿ ಅರಸರ ಕೈಗೆ ಬಂದರೂ ಈ ಭಾಗ ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ರೆಸಿಡೆಂಟರ ಆಡಳಿತದಲ್ಲಿ ಉಳಿಯಿತು. 1947ರ ಜುಲೈ ತಿಂಗಳಲ್ಲಷ್ಟೇ ಅದು ಮೈಸೂರಿಗೆ ಹಿಂದಿರುಗಿದ್ದು. ಸೈನ್ಯವಿದ್ದಲ್ಲಿ ಮಕ್ಕಳು, ಮಕ್ಕಳಿದ್ದಲ್ಲಿ ಶಾಲೆ. 1854ರಲ್ಲಿ ಗುಡ್ ಶೆಫರ್ಡ್ ಸಂನ್ಯಾಸಿನಿಯರು ಬಂದರು. 1865ರಲ್ಲಿ ಬಿಷಪ್ ಕಾಟನ್, 1880ರಲ್ಲಿ ಬಾಲ್ಡ್‌ವಿನ್ ಶಾಲೆಗಳಾದವು. 1882ರಲ್ಲಿ ಫ್ರೆಂಚ್ ಪಾದ್ರಿಗಳು ಸೇಂಟ್ ಜೋಸೆಫ್ಸ್ ಕಾಲೇಜನ್ನು ತೆರೆದರು. 1864ರಲ್ಲಿ ಮದರಾಸಿನ ಕಡೆಯಿಂದ ರೈಲು ದಂಡಿನವರೆಗೆ ಬಂತು. ಅನಂತರ ಬಂದ ಉಪಾಧ್ಯಾಯನಿಗೆ ಬೆಂಗಳೂರು ಮೊದಲು ಕಾಣಿಸಿದ್ದು ಕೃಷ್ಣರಾಜಪುರದ ಹೊಲಗಳಲ್ಲಿ, ರಾಗಿಯ ಪೈರಿನ ರೂಪದಲ್ಲಿ. ಅದಕ್ಕೂ ಹಿಂದಿನವರು ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ ನಾಲ್ಕೈದು ತಿಂಗಳು ಹಡಗಿನಲ್ಲಿದ್ದು, ಮದರಾಸಿನಿಂದ ಪಲ್ಲಕ್ಕಿಯಲ್ಲೋ ಎತ್ತಿನ ಗಾಡಿಯಲ್ಲೋ ಘಟ್ಟ ಹತ್ತಿ ಬಂದವರು. ಅಷ್ಟು ದೂರ ಬಂದವನಿಗೆ ಮನಸ್ಸು ಒಪ್ಪಲಿಲ್ಲವೆಂದು ಮರಳಿ ಹೊರಡುವುದು ಸುಲಭವಾಗಿರಲಿಲ್ಲ. ಹೋಗುವ ದಾರಿಯ ಖರ್ಚೂ ಒಂದು ಬಂಧನವೇ.

ಇಂಗ್ಲೆಂಡಿನಲ್ಲಿ ಒಬ್ಬ ಅಡುಗೆಯವಳನ್ನು ಇಟ್ಟುಕೊಳ್ಳಲೂ ಶಕ್ತನಲ್ಲದ ಸಾಧಾರಣ ಮೇಷ್ಟ್ರು ಇಲ್ಲಿಗೆ ಬಂದೊಡನೆ ಅರ್ಧ ಡಜನ್ ಆಳುಗಳ ಒಡೆಯನಾಗುತ್ತಿದ್ದ. ಇದನ್ನು ವೈಭವವೆಂದು ಬಗೆಯುವುದು ಸುಲಭ. ನಿಜ ಸಂಗತಿ ಬೇರೆ. ಅಡುಗೆಯವನು ಕಸ ಗುಡಿಸಲೊಲ್ಲ. ಕಸ ಗುಡಿಸುವವನು ನೀರು ತರುವಂತಿಲ್ಲ. ಚರ್ಮದ ಚೀಲದಲ್ಲಿ ನೀರು ಹೊರುವ ಭಿಸ್ತಿ ಬಟ್ಟೆ ಒಗೆಯುವುದಿಲ್ಲ. ಕುದುರೆಯಿದ್ದರೆ ಅದನ್ನು ತಿಕ್ಕಲು ಒಬ್ಬ ಬೇರೆಯೇ ಬೇಕು. ಜಾತಿಕಟ್ಟು ನಮ್ಮದು, ಅದರ ವೆಚ್ಚ ಪರದೇಶದವನದು! ನಲ್ಲಿಯಿಲ್ಲದ ಊರಿನಲ್ಲಿ ಆಳಿಲ್ಲದೆ ಒಂದು ಕೊಡ ಸ್ನಾನದ ನೀರೂ ದೊರೆಯುತ್ತಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಹೆಸರಘಟ್ಟದ ನೀರು ಬೆಂಗಳೂರಿಗೆ ಬಂದದ್ದು 1890ರ ದಶಕದಲ್ಲಿ.

ಈ ಸಂಸಾರದ ದಿವಾನಗಿರಿ ಬಟ್ಲರನದು. ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ ಬಂದವನು ದೊರೆಸಾನಿಯ ಎದುರು ನಿಂತು, ದಂಡಿನಲ್ಲಿ ಮಾತ್ರ ಹುಟ್ಟಬಹುದಾದ ಇಂಗ್ಲಿಷಿನಲ್ಲಿ ಲೆಕ್ಕ ಒಪ್ಪಿಸುತ್ತಿದ್ದ: ಮಾಂಸಕ್ಕೆ ಇಷ್ಟು ಆಣೆ, ಮೊಟ್ಟೆಗೆ ಇಷ್ಟು, ಸೌದೆಗೆ ಇಷ್ಟು, ಎಣ್ಣೆಗೆ ಇಷ್ಟು ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಇದರಲ್ಲಿ ಒಂದೆರಡು ಪೈ ಬಟ್ಲರನ ದಸ್ತೂರಿ ಎಂಬುದು ಇಬ್ಬರಿಗೂ ಗೊತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ. ಹಾಗೆ ಎತ್ತದಿರುವುದರಲ್ಲಿಯೇ ಮನೆಯ ಶಾಂತಿ ಇತ್ತು. ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಎಂಬ ಇಬ್ಬರು ಮಹಿಳೆಯರು 1880ರ ದಶಕದ ಕೊನೆಯಲ್ಲಿ ಹಿಂದೂಸ್ಥಾನದ ಗೃಹಕೃತ್ಯವನ್ನು ಕುರಿತು ಬರೆದ ಪ್ರಸಿದ್ಧ ಪುಸ್ತಕದಲ್ಲಿ ದಿನದ ಲೆಕ್ಕವನ್ನು ದಿನವೇ ಬರೆಯಬೇಕೆಂದು ಕಟ್ಟುನಿಟ್ಟಾಗಿ ವಿಧಿಸಿದ್ದಾರೆ. ಸೈನ್ಯಾಧಿಕಾರಿಯ ಮಡದಿ ಅದನ್ನು ಓದಿ ಬದಿಗಿಟ್ಟರೂ ನಡೆಯುತ್ತಿತ್ತೋ ಏನೋ, ಉಪಾಧ್ಯಾಯನ ಮಡದಿಗೆ ನಡೆಯುತ್ತಿರಲಿಲ್ಲ. ಅಂದಿನ ದಂಡಿನ ಕ್ಲಬ್ಬಿನಲ್ಲಿ 1899ರ ಬಾಕಿದಾರರ ಪಟ್ಟಿಯಲ್ಲಿ ಚರ್ಚಿಲ್ ಎಂಬ ತರುಣ ಲೆಫ್ಟಿನೆಂಟನ ಹೆಸರಿನ ಮುಂದೆ 13 ರೂಪಾಯಿ ನಿಂತಿದೆ. ಬಾಕಿ ಉಳಿಸಿ ಹೋದವನು ಮುಂದೆ ಸಾಮ್ರಾಜ್ಯದ ಪ್ರಧಾನಿಯಾದ. ಶಾಲೆಯ ಮೇಷ್ಟ್ರು 13 ರೂಪಾಯಿ ಬಾಕಿ ಉಳಿಸಿದ್ದರೆ ಮರುದಿನ ತರಗತಿಯಲ್ಲಿ ತಲೆ ಎತ್ತುವುದು ಕಷ್ಟವಿತ್ತು.

ಊಟದ ಮಟ್ಟಿಗೆ ಬೆಂಗಳೂರು ಕರುಣಾಳುವಾದ ಊರು. ಮೂರು ಸಾವಿರ ಅಡಿ ಎತ್ತರದ ಹವೆಯಲ್ಲಿ ಆಲೂಗಡ್ಡೆ, ಕೋಸು, ಬಟಾಣಿ, ಹುರುಳಿಕಾಯಿ ಎಲ್ಲವೂ ಬೆಳೆದವು. ದೂರದ ಅಮೆರಿಕ ಖಂಡದಿಂದ ಬಂದ ಸೀಮೆಬದನೆಯನ್ನು ತಮಿಳರು ಇಂದಿಗೂ ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ. ಮದರಾಸಿನಲ್ಲಿ ಬಿಸಿಲಿಗೆ ಬಾಡುತ್ತಿದ್ದವರಿಗೆ ಇದು ಎರಡನೆಯ ತಾಯ್ನಾಡಿನಂತಿತ್ತು. ದುಬಾರಿಯಾಗುತ್ತಿದ್ದುದು ಹಡಗಿನಲ್ಲಿ ಬರುವ ಸಾಮಗ್ರಿ: ಡಬ್ಬಿಯ ಬೆಣ್ಣೆ, ಚೀಸು, ಬೂಟು, ಉಣ್ಣೆಯ ಬಟ್ಟೆ, ಪುಸ್ತಕ. ಕನ್ನಡಿಗರು ಹೊರಗಿನಿಂದ ಬಂದುದಕ್ಕೆಲ್ಲ ಸೀಮೆ ಎಂಬ ಮಾತನ್ನು ಅಂಟಿಸಿದರು. ಸೀಮೆಎಣ್ಣೆ ದೀಪ ಹೊತ್ತಿಸಿತು. ಸೀಮೆಸುಣ್ಣ ಕರಿಹಲಗೆಯ ಮೇಲೆ ಅಕ್ಷರವಾಯಿತು. ಅದನ್ನು ಹಿಡಿದ ಸೀಮೆಯ ಗುರುವಿಗೂ ತನ್ನ ಸೀಮೆಯಿಂದ ಬರುವುದೆಲ್ಲ ತುಟ್ಟಿ, ಇಲ್ಲಿ ಸಿಗುವುದೆಲ್ಲ ಅಗ್ಗ. ಇಲ್ಲಿಯದನ್ನು ಉಂಡು ಬಾಳಲು ಎಷ್ಟು ಬೇಗ ಕಲಿಯುತ್ತಾನೆ ಎಂಬುದರ ಮೇಲೆ ಅವನ ಕೈಯಲ್ಲಿ ಉಳಿಯುವ ಹಣ ನಿಂತಿತ್ತು.

ಉಳಿಸುವುದಾದರೂ ಏಕೆ? ಊರಿಗೆ ಕಳುಹಿಸಲು. ಇಲ್ಲಿಯೇ ಅವರ ಬದುಕಿನ ಗಂಟು ಇದ್ದುದು. 1870ರ ಆರಂಭದವರೆಗೆ ಒಂದು ರೂಪಾಯಿಗೆ ಸುಮಾರು 2 ಷಿಲಿಂಗ್ ಬೆಲೆ. ಅನಂತರ ಜರ್ಮನಿ ಮೊದಲಾದ ದೇಶಗಳು ಚಿನ್ನದ ನಾಣ್ಯಪದ್ಧತಿಗೆ ತಿರುಗಿದವು, ಅಮೆರಿಕದ ಗಣಿಗಳಿಂದ ಬೆಳ್ಳಿ ಹೊಳೆಯಾಗಿ ಹರಿಯಿತು. ಬೆಳ್ಳಿಯ ರೂಪಾಯಿ ಇಳಿಯುತ್ತ ಇಳಿಯುತ್ತ 1894–95ರ ಹೊತ್ತಿಗೆ 13 ಪೆನ್ಸಿನ ಆಸುಪಾಸಿಗೆ ಬಂತು. ಇದರ ಅರ್ಥವನ್ನು ಮನೆಯ ಲೆಕ್ಕದಲ್ಲಿ ನೋಡಬೇಕು. ಇಂಗ್ಲೆಂಡಿನಲ್ಲಿ ಓದುತ್ತಿರುವ ಮಗನಿಗೆ ವರ್ಷಕ್ಕೆ 60 ಪೌಂಡು ಕಳುಹಿಸುವವನೆಂದು ಇಟ್ಟುಕೊಂಡರೆ, ಹಳೆಯ ದರದಲ್ಲಿ ಅದಕ್ಕೆ 600 ರೂಪಾಯಿ ಸಾಕಾಗಿತ್ತು. 1895ರಲ್ಲಿ 1,100 ರೂಪಾಯಿ ಬೇಕಾಯಿತು. ಸಂಬಳ ಹೆಚ್ಚಲಿಲ್ಲ, ಮಗ ಹೆಚ್ಚು ಉಣ್ಣಲಿಲ್ಲ, ಲಂಡನ್ನಿನ ಪೇಟೆಯಲ್ಲಿ ಬೆಳ್ಳಿ ಅಗ್ಗವಾಯಿತು, ಅಷ್ಟೇ. 1893ರಲ್ಲಿ ಸರ್ಕಾರ ಟಂಕಸಾಲೆಗಳಲ್ಲಿ ಸಾರ್ವಜನಿಕರ ಬೆಳ್ಳಿಯನ್ನು ನಾಣ್ಯ ಮಾಡಿಕೊಡುವುದನ್ನು ನಿಲ್ಲಿಸಿತು; ಶತಮಾನದ ಕೊನೆಗೆ ರೂಪಾಯಿ 16 ಪೆನ್ಸಿಗೆ ನಿಂತಿತು. ಆಗ ಅದೇ 60 ಪೌಂಡಿಗೆ 900 ರೂಪಾಯಿ. ಕಳೆದುಹೋದ ಉಳಿದ ಮುನ್ನೂರನ್ನು ಯಾರೂ ಹಿಂದಿರುಗಿಸಲಿಲ್ಲ.

ಸರ್ಕಾರಿ ಅಧಿಕಾರಿಗಳಾದ ಐರೋಪ್ಯರಿಗೆ 1893ರಲ್ಲಿ ವಿನಿಮಯದ ನಷ್ಟ ತುಂಬುವ ಭತ್ಯೆ ದೊರೆಯಿತು. ಆದರೆ ಅದು ಇಲ್ಲಿಯೇ ನೆಲೆಸಿದವರಿಗಲ್ಲ, ಊರು ಬೇರೆ ಕಡೆ ಇರುವವರಿಗೆ ಮಾತ್ರ. ಖಾಸಗಿ ಶಾಲೆಯ ಮೇಷ್ಟ್ರಿಗೆ ಅಂಥ ಹಕ್ಕೇನೂ ಇರಲಿಲ್ಲ. ಸಂಬಳ ಪೌಂಡಿನಲ್ಲಿ ನಿಗದಿಯಾಗಿದ್ದವನಿಗೆ ಮಾತ್ರ ರೂಪಾಯಿ ಇಳಿದಷ್ಟೂ ಕೈತುಂಬ ದುಡ್ಡು. ಹೀಗೆ ಅಕ್ಕಪಕ್ಕದ ಎರಡು ಬಂಗಲೆಗಳಲ್ಲಿ, ಒಂದೇ ಪಾಠ ಹೇಳುವ ಇಬ್ಬರಲ್ಲಿ ಒಬ್ಬ ಬಡವಾಗುತ್ತಿದ್ದ, ಇನ್ನೊಬ್ಬ ಸುಖಿಯಾಗುತ್ತಿದ್ದ. ಅದೇ ಕೊಠಡಿಯಲ್ಲಿ ಮೂರನೆಯವನೊಬ್ಬನಿದ್ದ: ಇಲ್ಲಿಯೇ ಹುಟ್ಟಿದ ಆಂಗ್ಲೋ ಇಂಡಿಯನ್ ಉಪಾಧ್ಯಾಯನೋ, ಮುನ್ಷಿಯೋ, ಪಂಡಿತನೋ. ಅವನ ಪಾಲಿಗೆ ಭತ್ಯೆಯೂ ಇಲ್ಲ, ಪೌಂಡೂ ಇಲ್ಲ. ಈ ತಾರತಮ್ಯವನ್ನು ಎದುರಿಸಿ ನಿಂತವರೂ ಇದ್ದರು. ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1885ರಲ್ಲಿ ಸೇರಿದ ಜಗದೀಶಚಂದ್ರ ಬೋಸರು ಐರೋಪ್ಯರಿಗಿಂತ ಕಡಿಮೆ ಸಂಬಳವನ್ನು ಒಪ್ಪದೆ, ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಹೇಳಿದರು. ಪರದೇಶಿಯ ಬಡತನವನ್ನು ಹೇಳುವಾಗ ಸ್ವದೇಶಿಯ ಬಡತನವನ್ನು ಪಕ್ಕದಲ್ಲಿ ಇಟ್ಟು ನೋಡದಿದ್ದರೆ ಲೆಕ್ಕ ತಪ್ಪುತ್ತದೆ.

ಹಣಕ್ಕಿಂತ ದೊಡ್ಡ ಖರ್ಚು ಮಕ್ಕಳದು. ಆರೇಳು ವರ್ಷ ತುಂಬುತ್ತಲೇ ಮಗುವನ್ನು ಹಡಗು ಹತ್ತಿಸಿ ಸೀಮೆಗೆ ಕಳುಹಿಸುವುದು ಅಂದಿನ ಸಂಪ್ರದಾಯ. ಲಂಡನ್ ಮಿಷನ್ನಿನವರ ಮಕ್ಕಳಿಗಾಗಿಯೇ ವಾಲ್ತಮ್‌ಸ್ಟೋ ಎಂಬಲ್ಲಿ 1838ರಲ್ಲಿ ಹೆಣ್ಣುಮಕ್ಕಳಿಗೂ 1842ರಲ್ಲಿ ಗಂಡುಮಕ್ಕಳಿಗೂ ಶಾಲೆಗಳಾದವು. ಗಂಡುಮಕ್ಕಳ ಶಾಲೆಯ ಹೆಸರಿನಲ್ಲಿ ಅನಾಥರು ಎಂಬ ಪದವೂ ಸೇರಿತ್ತು. ತಂದೆತಾಯಿ ಬದುಕಿರುವಾಗಲೇ ಮಗು ಅನಾಥರ ಸಾಲಿನಲ್ಲಿ ಕುಳಿತು ಓದಬೇಕು. ಬೇರೆಯವರ ಮಕ್ಕಳಿಗೆ ಅಕ್ಷರ ಕಲಿಸಲು ಬಂದ ತಾಯಿ ತನ್ನ ಮಗುವಿನ ಕೈಬರಹವನ್ನು ಕಾಗದದಲ್ಲಿ ನೋಡಿ, ಅಕ್ಷರ ದುಂಡಗಾಯಿತೆಂದು ಸಂತೋಷಪಡಬೇಕು. ಬಿಷಪ್ ಕಾಟನ್, ಬಾಲ್ಡ್‌ವಿನ್‌ಗಳಂಥ ಶಾಲೆಗಳು ಇಲ್ಲಿ ಹುಟ್ಟಿದ್ದಕ್ಕೆ, ಸೀಮೆಗೆ ಕಳುಹಿಸುವ ಶಕ್ತಿಯಿಲ್ಲದ ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ತಂದೆಗಳ ಕಷ್ಟವೂ ಒಂದು ಕಾರಣ.

ಬೆಂಜಮಿನ್ ರೈಸ್ ಎಂಬ ಲಂಡನ್ ಮಿಷನ್ನಿನ ಪಾದ್ರಿ 1837ರಲ್ಲಿ ಬೆಂಗಳೂರಿಗೆ ಬಂದರು. ಅದೇ ವರ್ಷ ಜುಲೈನಲ್ಲಿ ಇಲ್ಲಿಯೇ ಅವರ ಮಗ ಹುಟ್ಟಿದ. ಶ್ರೀಮತಿ ರೈಸ್ ಅವರು ಶ್ರೀಮತಿ ಸೀವೆಲ್ ಅವರೊಡನೆ ಸೇರಿ 1840ರ ದಶಕದಲ್ಲಿ ಕನ್ನಡ ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದರು. ಮಗನನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಿದರು. ಹಾಗೆ ಹೋದ ಮಕ್ಕಳಲ್ಲಿ ಬಹುಮಂದಿ ಸೀಮೆಯವರೇ ಆಗಿಬಿಡುತ್ತಿದ್ದರು, ಈತ ಆಗಲಿಲ್ಲ. 1860ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಬೆಂಗಳೂರಿನ ಸರ್ಕಾರಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಬಿ. ಎಲ್. ರೈಸ್ ಮರಳಿ ಬಂದರು. ಮುಂದೆ ಅವರು ವಿದ್ಯಾ ಇಲಾಖೆಯ ನಿರ್ದೇಶಕರಾದದ್ದು, ಕುದುರೆಯ ಮೇಲೆ ಹಳ್ಳಿಹಳ್ಳಿ ಸುತ್ತಿ ಶಾಸನಗಳನ್ನು ಓದಿದ್ದು, 12 ಸಂಪುಟಗಳ ಎಪಿಗ್ರಾಫಿಯ ಕರ್ನಾಟಿಕವನ್ನು ಹೊರತಂದದ್ದು, ಪಂಪನ ಕಾವ್ಯಗಳಿಗೆ ಅಚ್ಚಿನ ಮುಖ ತೋರಿಸಿದ್ದು ಎಲ್ಲರೂ ಬಲ್ಲ ಸಂಗತಿ. ಇಲ್ಲಿ ಗಮನಿಸಬೇಕಾದುದು ಬೇರೊಂದು. ದಂಡಿನಲ್ಲಿ ತಮಿಳು, ಉರ್ದು, ಇಂಗ್ಲಿಷುಗಳಲ್ಲಿ ಬದುಕು ಸಾಗುತ್ತಿತ್ತು. ಕನ್ನಡದ ಒಂದು ಮಾತಿಲ್ಲದೆ ಒಬ್ಬ ಉಪಾಧ್ಯಾಯ ಮೂವತ್ತು ವರ್ಷ ಕಳೆಯಬಹುದಾಗಿತ್ತು, ಕಳೆದವರೂ ಉಂಟು. ಮುನ್ಷಿಗೆ ತಿಂಗಳು ತಿಂಗಳು ಕೊಡುವ ಹಣವನ್ನು ಉಳಿಸುವುದೋ, ಅದನ್ನು ವೆಚ್ಚಮಾಡಿ ನಾಡಿನ ಭಾಷೆಯೊಳಗೆ ಇಳಿಯುವುದೋ ಎಂಬುದು ಸಣ್ಣ ಆಯ್ಕೆಯಾಗಿ ಕಂಡರೂ ಸಣ್ಣದಲ್ಲ. ರೈಸರ ಮನೆತನ ಪೇಟೆಯ ಭಾಷೆಯನ್ನು ಆರಿಸಿಕೊಂಡಿತು. ತಂದೆ ಐವತ್ತು ವರ್ಷ ಇಲ್ಲಿಯೇ ದುಡಿದು 1887ರಲ್ಲಿ ಇಲ್ಲಿಯೇ ತೀರಿಕೊಂಡರು. ಮಗ 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. 1927ರಲ್ಲಿ ಹ್ಯಾರೋ ಎಂಬ ಊರಿನಲ್ಲಿ ನಿಧನರಾದರು. ಬೆಂಗಳೂರಿನಲ್ಲಿ ಹುಟ್ಟಿದವರು ಪರದೇಶಿಯಾದದ್ದು ಯಾವ ಊರಿನಲ್ಲಿ ಎಂದು ಹೇಳುವುದು ಕಷ್ಟ.

ಫ್ರೆಂಚ್ ಪಾದ್ರಿಗಳ ಲೆಕ್ಕವೇ ಬೇರೆ. ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘದ ಪಾದ್ರಿ ಹೊರಟನೆಂದರೆ ಬದುಕಿರುವವರೆಗೆ ಹೊರಟನೆಂದೇ ಅರ್ಥ. ಹೊರಡುವ ದಿನ ಪ್ರಾರ್ಥನಾಮಂದಿರದಲ್ಲಿ ನೆರೆದವರು, ತಂದೆತಾಯಿಗಳೂ ಸೇರಿ, ಅವನ ಪಾದಗಳನ್ನು ಮುಟ್ಟಿ ಮುತ್ತಿಡುತ್ತಿದ್ದರು. ಗುರುಪಾದದ ಗೌರವವನ್ನು ಬಲ್ಲ ಈ ನಾಡಿನವರಿಗೆ ಆ ದೃಶ್ಯ ಅಪರಿಚಿತವೆನಿಸದು. ಅವನಿಗೆ ಹೆಂಡತಿಯಿಲ್ಲ, ಸೀಮೆಗೆ ಕಳುಹಿಸಬೇಕಾದ ಮಗನಿಲ್ಲ. ಆದ್ದರಿಂದ ಬೆಳ್ಳಿ ಇಳಿದರೇನು ಏರಿದರೇನು? ಒಂದು ಕೋಣೆ, ಸಾಮೂಹಿಕ ಊಟ, ಎರಡು ನಿಲುವಂಗಿ. ಮಠದ ಪ್ರಸಾದನಿಲಯಗಳಲ್ಲಿ ಉಂಡು, ಅತ್ಯಲ್ಪ ಸಂಭಾವನೆಗೆ ಜೀವಮಾನವೆಲ್ಲ ಪಾಠ ಹೇಳಿದ ಹಿರಿಯರನ್ನು ಕಂಡವರಿಗೆ ಈ ಅರ್ಥಶಾಸ್ತ್ರವನ್ನು ವಿವರಿಸಬೇಕಾಗಿಲ್ಲ. ಕಾಲೇಜು 1937ರಲ್ಲಿ ಜೆಸ್ವಿಟರ ಕೈಗೆ ಹೋಯಿತು. ಅದಕ್ಕೆ ಮೊದಲು ಬಂದ ಫ್ರೆಂಚರಲ್ಲಿ ಎಷ್ಟೋ ಮಂದಿ ಈ ಮಣ್ಣಿನಲ್ಲಿಯೇ ಸೇರಿದರು. ಅಗ್ಗದ ಗುರುಗಳೆಂದು ಅವರನ್ನು ಕೆಲವರು ಹೊಗಳಿದ್ದುಂಟು. ಹೊಗಳಿಕೆ ಅದಾಗಿದ್ದರೆ, ಊರಿನಲ್ಲಿ ಮುಪ್ಪಾದ ತಾಯಿ ಅದರ ಬೆಲೆಯನ್ನು ಕೊಟ್ಟಿದ್ದಳು ಎಂಬುದನ್ನೂ ಸೇರಿಸಬೇಕು.

ಕಷ್ಟಕಾಲ ಬಂದಾಗ ಈ ಮನೆಗಳ ಲೆಕ್ಕವೆಲ್ಲ ಏರುಪೇರಾಗುತ್ತಿತ್ತು. 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೆಯ ಒಂದು ಪಾಲು ಜನ ಅಳಿದರು. ಶಾಲೆಗಳು ಅನಾಥಾಲಯಗಳಾದವು, ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಗಂಡುಮಕ್ಕಳನ್ನೂ ಹಾಸನದಲ್ಲಿ ಹೆಣ್ಣುಮಕ್ಕಳನ್ನೂ ಸಾಕಿದರು. 1898ರಲ್ಲಿ ಪ್ಲೇಗು ಬಂದಾಗ ಓಡಿಹೋಗಲು ಹಣವಿದ್ದವರು ಓಡಿದರು.

ಪರದೇಶಿ ಎಂಬ ಮಾತಿನ ಎರಡು ಅರ್ಥಗಳೂ ಒಬ್ಬನೇ ಮನುಷ್ಯನಲ್ಲಿ ಸೇರಿದ ಪ್ರಸಂಗವೊಂದು ದಂಡಿನ ಆಚೆ, ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1933ರಲ್ಲಿ, ಯೆಹೂದಿ ಮೂಲದವರೆಂಬ ಒಂದೇ ಕಾರಣಕ್ಕೆ, ಗಟಿಂಗನ್ ವಿಶ್ವವಿದ್ಯಾನಿಲಯದ ಪೀಠವನ್ನು ಕಳೆದುಕೊಂಡರು. ಕೇಂಬ್ರಿಜಿನಲ್ಲಿ ದೊರೆತದ್ದು ತಾತ್ಕಾಲಿಕ ಹುದ್ದೆ. ಆಗ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಅವರನ್ನು ಬೆಂಗಳೂರಿಗೆ ಕರೆದರು. 1935ರ ಕೊನೆಯಿಂದ ಸುಮಾರು ಅರ್ಧ ವರ್ಷ ಬಾರ್ನ್ ದಂಪತಿಗಳು ಇಲ್ಲಿದ್ದರು. ಊರು ಹಿಡಿಸಿತು, ಹೂವಿನ ಮರಗಳು ಹಿಡಿಸಿದವು. ಅವರಿಗೊಂದು ಕಾಯಂ ಪೀಠ ಕೊಡಬೇಕೆಂದು ರಾಮನ್ ಅಧ್ಯಾಪಕರ ಸಭೆಯಲ್ಲಿ ಪ್ರಸ್ತಾಪಿಸಿದಾಗ, ಅಲ್ಲಿಯೇ ಇದ್ದ ಇಂಗ್ಲಿಷ್ ಪ್ರಾಧ್ಯಾಪಕನೊಬ್ಬ ಎದ್ದು, ತನ್ನ ದೇಶದಿಂದ ಅಟ್ಟಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ನಮಗೆ ಸಾಲದು ಎಂಬ ಅರ್ಥದ ಮಾತನ್ನಾಡಿದ. ಹಾಗೆಂದವನೂ ಪರದೇಶಿಯೇ! ಆದರೆ ಅವನ ಹಿಂದೆ ಒಂದು ಸಾಮ್ರಾಜ್ಯವಿತ್ತು, ಬಾರ್ನರ ಹಿಂದೆ ಮುಚ್ಚಿದ ಬಾಗಿಲು. ಅಂದು ಮನೆಗೆ ಮರಳಿ ಹೆಂಡತಿಯ ಮುಂದೆ ತಾವು ಅತ್ತುಬಿಟ್ಟುದಾಗಿ ಬಾರ್ನ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1936ರಲ್ಲಿ ಎಡಿನ್‌ಬರೋ ಅವರನ್ನು ಕರೆಯಿತು; 1954ರಲ್ಲಿ ನೊಬೆಲ್ ಪಾರಿತೋಷಕ ಬಂತು. ಬೆಂಗಳೂರು ಕಳೆದುಕೊಂಡದ್ದು ಎಷ್ಟೆಂದು ರೂಪಾಯಿ ಆಣೆಗಳಲ್ಲಿ ಹೇಳಲಾಗದು.

1947ರ ಅನಂತರ ಬಂಗಲೆಗಳು ಒಂದೊಂದಾಗಿ ಕೈ ಬದಲಾದವು. ಹಿಂದೆ ಉಳಿದ ಕೆಲವರು ಇಲ್ಲಿಯ ಸಂಬಳಕ್ಕೆ, ಇಲ್ಲಿಯ ಪಡಿತರಕ್ಕೆ ಒಗ್ಗಿದರು. ಬ್ಲ್ಯಾಕ್‌ಪಲ್ಲಿ ಶಿವಾಜಿನಗರವಾಯಿತು; ಹಲಸೂರಿನಾಚೆಯ ಹೊಲತೋಟಗಳ ಜಾಗದಲ್ಲಿ ಇಂದಿರಾನಗರವೆದ್ದಿತು. ಅದರ ಸಿ. ಎಂ. ಎಚ್. ರಸ್ತೆಯಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ, ದಂಡು ರೈಲು ನಿಲ್ದಾಣದ ಹತ್ತಿರ ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾಂಸೇಸ್ ನೆಲೆಗೊಂಡವು. 1990ರ ದಶಕದ ಅನಂತರ ನಗರದ ಅಂಚುಗಳಲ್ಲಿ ಅಂತರರಾಷ್ಟ್ರೀಯ ಶಾಲೆಗಳೆದ್ದು, ಮತ್ತೆ ಪರದೇಶದ ಉಪಾಧ್ಯಾಯರು ಬರತೊಡಗಿದರು. ಇವರ ಮುಂದೆ ಮೊದಲು ನಿಂತದ್ದು ವೀಸಾದ ನಿಯಮ: ನೌಕರಿಯ ವೀಸಾಕ್ಕೆ ವರ್ಷಕ್ಕೆ ಕನಿಷ್ಠ 25,000 ಡಾಲರ್ ಸಂಬಳವೆಂದು ಮೊದಲು ವಿಧಿಸಿ, ಮುಂದೆ ಅದನ್ನು 16.25 ಲಕ್ಷ ರೂಪಾಯಿ ಎಂದು ಮಾಡಲಾಯಿತು. ಭಾಷೆ ಕಲಿಸುವವರಿಗೆ ರಿಯಾಯಿತಿಯಿತ್ತು, ಇಂಗ್ಲಿಷ್ ಕಲಿಸುವವರಿಗೆ ಮಾತ್ರ ಇಲ್ಲ. ದಂಡಿನ ಚರಿತ್ರೆಯನ್ನು ಬಲ್ಲವರಿಗೆ ಇದು ನಗು ತರಿಸದೆ ಇರದು. ಅಷ್ಟು ಸಂಬಳ ಕೊಡಲಾರದ ಸಾಮಾನ್ಯ ಶಾಲೆಗೆ ಪರದೇಶದ ಗುರು ದಕ್ಕುವಂತೆಯೇ ಇಲ್ಲ. ಎರಡು ನಿಲುವಂಗಿಯ ಫ್ರೆಂಚ್ ಪಾದ್ರಿ ಇಂದು ಬಂದಿದ್ದರೆ ಉಪಾಧ್ಯಾಯನೆಂಬ ಲೆಕ್ಕದಲ್ಲಿ ಒಳಗೆ ಬರುವುದು ಅನುಮಾನವಿತ್ತು.

ಹೀಗೆ ಬಂದವರಿಗೆ ಬಟ್ಲರನಿಲ್ಲ, ಭಿಸ್ತಿಯಿಲ್ಲ. ಅವರನ್ನು ಬೆಚ್ಚಿಬೀಳಿಸುವುದು ಬೆಂಗಳೂರಿನ ಮನೆ ಮಾಲೀಕರು ಬೆಳೆಸಿಕೊಂಡು ಬಂದಿರುವ ಹತ್ತು ತಿಂಗಳ ಮುಂಗಡ. ಬಿಟ್ಟು ಹೋಗುವಾಗ ಬಣ್ಣ ಬಳಿಸುವ ಲೆಕ್ಕದಲ್ಲಿ ಅದರಿಂದ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದೂ ರೂಢಿ. ಹಳೆಯ ದಸ್ತೂರಿ ಬಟ್ಲರನ ಕೈಯಿಂದ ಮೇಲಕ್ಕೇರಿದೆ ಎನ್ನಬೇಕು. ಊರಿಗೆ ಕಳುಹಿಸುವ ಹಣದ ಗೋಳಂತೂ ಹಳೆಯದೇ. 2011ರ ಆರಂಭದಲ್ಲಿ ಡಾಲರಿಗೆ ಸುಮಾರು 45 ರೂಪಾಯಿ ಇತ್ತು, 2024ರ ಕೊನೆಗೆ 85ನ್ನು ದಾಟಿತು. ತನ್ನ ವಿದ್ಯಾಭ್ಯಾಸದ ಸಾಲಕ್ಕೆಂದು ತಿಂಗಳಿಗೆ 300 ಡಾಲರ್ ಕಟ್ಟಬೇಕಾದ ಉಪಾಧ್ಯಾಯಿನಿ ರೂಪಾಯಿಯಲ್ಲಿ ಸಂಬಳ ಪಡೆಯುವವಳಾದರೆ, 13,500 ರೂಪಾಯಿಯ ಕಂತು 25,500 ಆದುದನ್ನು ನೋಡಬೇಕಾಯಿತು. 1895ರ ಮೇಷ್ಟ್ರು ಅವಳಿಗೆ ಸಮಾಧಾನ ಹೇಳಬಲ್ಲವನಾಗಿದ್ದ.

ಈ ನಡುವೆ ಹಾದಿ ಎದುರು ದಿಕ್ಕಿನಲ್ಲಿಯೂ ತೆರೆದುಕೊಂಡಿತು. 1950, 60ರ ದಶಕಗಳಲ್ಲಿ ಇಥಿಯೋಪಿಯದ ಶಾಲೆಗಳಿಗೆ, ಅನಂತರ ಕೊಲ್ಲಿ ರಾಜ್ಯಗಳ ಭಾರತೀಯ ಶಾಲೆಗಳಿಗೆ ಇಲ್ಲಿಯ ಉಪಾಧ್ಯಾಯರು ಹೊರಟರು. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆಯಿಲ್ಲ. ಹಾಗೆಯೇ ಹೊರಗಿನವರಿಗೆ ಪಿಂಚಣಿಯೂ ಇಲ್ಲ. ಸಂಯುಕ್ತ ಅರಬ್ ರಾಜ್ಯದಲ್ಲಿ ಕೆಲಸ ಬಿಡುವಾಗ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಮೂಲವೇತನದ ಲೆಕ್ಕದಲ್ಲಿ ಒಂದು ಗಂಟು ಸಿಗುತ್ತದೆ. ಮುಪ್ಪಿಗೆ ಅದೇ ಆಧಾರ. 1990ರ ಆಗಸ್ಟಿನಲ್ಲಿ ಕುವೈತನ್ನು ಇರಾಕ್ ಆಕ್ರಮಿಸಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು, ಕೂಡಿಟ್ಟದ್ದನ್ನು ಅಲ್ಲಿಯೇ ಬಿಟ್ಟು, ವಿಮಾನಗಳಲ್ಲಿ ಮರಳಿದರು. ದೊರೆಗಳೂ ಅಲ್ಲ, ಪಾದ್ರಿಗಳೂ ಅಲ್ಲ. ಇವರನ್ನು ಪರದೇಶಿಗಳೆಂದು ಕರೆಯಲು ಯಾರೂ ಹಿಂಜರಿಯಲಿಲ್ಲ. ಆದರೂ ಹೋಗುವವರು ನಿಲ್ಲಲಿಲ್ಲ. ರಾಮಮೂರ್ತಿನಗರದಲ್ಲೋ ಕೃಷ್ಣರಾಜಪುರದಲ್ಲೋ ಕಟ್ಟಿಸುತ್ತಿರುವ ಮನೆಗೆ ತಾರಸಿಯಾಗಬೇಕು, ತಂಗಿಯ ಮದುವೆಯ ಸಾಲ ತೀರಬೇಕು. ಹತ್ತನೆಯ ತರಗತಿ ಮುಗಿಯುತ್ತಲೇ ಮಗನನ್ನು ಮುಂದಿನ ಓದಿಗೆಂದು ಬೆಂಗಳೂರಿನ ಅಜ್ಜಿಯ ಮನೆಗೆ ಕಳುಹಿಸಿ, ಗಂಡಹೆಂಡಿರಿಬ್ಬರೂ ಅಲ್ಲಿಯೇ ಇನ್ನು ನಾಲ್ಕು ವರ್ಷ ದುಡಿಯುವುದೆಂದು ಲೆಕ್ಕ ಹಾಕುತ್ತಾರೆ. ಶುಕ್ರವಾರ ಮಾತ್ರ ಮಗನೊಡನೆ ಫೋನಿನಲ್ಲಿ ಮಾತು. ಅದೂ ಅವನಿಗೆ ಪರೀಕ್ಷೆ ಇಲ್ಲದಿದ್ದರೆ.